ಒಂದಗುಳು ಹಿಸುಕಿದರೆ ಸಾಲದು

2014ರ ಆಗಸ್ಟ್. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ಡೇಟಾಬೇಸ್ ತಂತ್ರಾಂಶದ 9.4ನೇ ಆವೃತ್ತಿ ಇನ್ನೂ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆಯ, ಹಂತದಲ್ಲಿತ್ತು. ಮೇ ತಿಂಗಳಲ್ಲಿ ಮೊದಲ ಬೀಟಾ, ಜುಲೈಯಲ್ಲಿ ಎರಡನೆಯದು ಬಂದಿದ್ದವು. ಆ ಆವೃತ್ತಿಯಲ್ಲಿ ಎಲ್ಲರೂ ಕಾದು ಕೂತಿದ್ದುದು ಜೇಸನ್‌ಬಿ ಎಂಬ ಹೊಸ ಸೌಲಭ್ಯಕ್ಕಾಗಿ. ಜಾಲತಾಣಗಳು ಕೊಟ್ಟು-ತೆಗೆದುಕೊಳ್ಳುವ ಜೇಸನ್ ದಾಖಲೆಗಳನ್ನು ಒಳಹೊಕ್ಕು ಬೇಗ ಹುಡುಕಲು ಬರುವ ರೂಪದಲ್ಲಿ ಇಡುವ ವ್ಯವಸ್ಥೆ ಅದು. ಬಳಕೆದಾರರೊಬ್ಬರು ತಮ್ಮಲ್ಲಿದ್ದ ದತ್ತಾಂಶವನ್ನೇ ಅದರೊಳಗೆ ತುಂಬಿ ನೋಡಿದರು. ಸರ್ವರ್ ಬೀಳಲಿಲ್ಲ, ದೋಷದ ಸಂದೇಶವೂ ಬರಲಿಲ್ಲ, ಕೇಳಿದ ಪ್ರಶ್ನೆಗೆಲ್ಲ ಸರಿಯಾದ ಉತ್ತರವೇ ಬಂತು. ಆದರೆ ಹಳೆಯ ಪಠ್ಯರೂಪದ ಕಾಲಮ್ಮಿನಲ್ಲಿ ಇಟ್ಟಾಗ ಹಿಡಿಯುತ್ತಿದ್ದ ಜಾಗಕ್ಕಿಂತ ಹೊಸದರಲ್ಲಿ ಅದೇ ದತ್ತಾಂಶ ಎಷ್ಟೋ ಹೆಚ್ಚು ಜಾಗ ತಿನ್ನುತ್ತಿತ್ತು. ಅವರು ಅದನ್ನು ಬರೆದು ತಿಳಿಸಿದರು.

ಕಾರಣ ಹುಡುಕಿ ಹೊರಟವರಿಗೆ ಸಿಕ್ಕಿದ್ದು ಇದು. ಪೋಸ್ಟ್‌ಗ್ರೆಸ್ ಸುಮಾರು ಎರಡು ಕಿಲೋಬೈಟ್ ಮೀರಿದ ಸಾಲನ್ನು ಡಿಸ್ಕಿಗೆ ಬರೆಯುವ ಮುಂಚೆ ಒತ್ತಿ ಚಿಕ್ಕದು ಮಾಡಲು ನೋಡುತ್ತದೆ. ಈ ಒತ್ತುವಿಕೆ ನಡೆಯುವುದು ಪುನರಾವರ್ತನೆಯ ಬಲದಿಂದ. ಒಮ್ಮೆ ಬಂದ ಬೈಟುಗಳ ಸಾಲು ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯದೆ ಹಿಂದೆ ಎಲ್ಲಿದೆ ಎಂಬ ಗುರುತನ್ನಷ್ಟೇ ಹಾಕಿ ಮುಂದೆ ಹೋಗುವುದು. ಮೊದಲ 1,024 ಬೈಟುಗಳಲ್ಲಿ ಅಂಥದ್ದು ಒಂದೂ ಸಿಗದಿದ್ದರೆ ಅದು ಪ್ರಯತ್ನವನ್ನೇ ಕೈಬಿಟ್ಟು ಇದ್ದದ್ದನ್ನು ಇದ್ದಂತೆ ಬರೆದುಬಿಡುತ್ತದೆ. ಜೇಸನ್‌ಬಿಯ ಮೊದಲ ವಿನ್ಯಾಸದಲ್ಲಿ ಪ್ರತಿ ದಾಖಲೆಯ ತಲೆಯಲ್ಲೇ ಒಂದು ಪಟ್ಟಿ ಇರುತ್ತಿತ್ತು: ಯಾವ ಅಂಶ ಎಷ್ಟನೇ ಬೈಟಿಗೆ ಮುಗಿಯುತ್ತದೆ ಎಂದು ಹೇಳುವ ಪಟ್ಟಿ. 9, 21, 34, 43 ಹೀಗೆ ಏರುತ್ತಲೇ ಹೋಗುವ ಸಂಖ್ಯೆಗಳಲ್ಲಿ ಪುನರಾವರ್ತನೆ ಎಲ್ಲಿಂದ ಬರಬೇಕು? ಪಟ್ಟಿ ಉದ್ದವಾಗಿದ್ದ ದಾಖಲೆಗಳಲ್ಲಿ ಆ 1,024 ಬೈಟುಗಳೆಲ್ಲ ಅದರಲ್ಲೇ ಕಳೆದುಹೋಗುತ್ತಿದ್ದವು. ಅದರ ಹಿಂದಿದ್ದ, ಚೆನ್ನಾಗಿ ಒತ್ತಬಹುದಾಗಿದ್ದ ಪಠ್ಯದ ಸರದಿ ಬರುತ್ತಲೇ ಇರಲಿಲ್ಲ. ಚಿಕ್ಕ ದಾಖಲೆಗಳಿಟ್ಟು ಪರೀಕ್ಷಿಸಿದವರಿಗೆ ಇದು ಕಾಣುವಂತೆಯೇ ಇರಲಿಲ್ಲ, ಏಕೆಂದರೆ ಚಿಕ್ಕ ದಾಖಲೆ ಒತ್ತುವ ಹಂತವನ್ನೇ ತಲುಪುವುದಿಲ್ಲ.

ಪರಿಹಾರವೇನೋ ಚೆಲುವಾಗಿತ್ತು. ಅಂಶ ಮುಗಿಯುವ ಜಾಗದ ಬದಲು ಅದರ ಉದ್ದವನ್ನು ಬರೆಯುವುದು. ಉದ್ದಗಳಾದರೆ 9, 12, 13, 9, 12 ಎಂದು ಮತ್ತೆ ಮತ್ತೆ ಬರುತ್ತವೆ, ಒತ್ತಲು ಬರುತ್ತದೆ. ಹುಡುಕಾಟ ನಿಧಾನವಾಗದಿರಲು ಪ್ರತಿ 32ನೇ ಅಂಶಕ್ಕೆ ಮಾತ್ರ ಜಾಗವನ್ನೇ ಬರೆಯುವುದು. ಆದರೆ ಆ ನಿರ್ಧಾರಕ್ಕೆ ಬರಲು ವಾರಗಟ್ಟಲೆ ಚರ್ಚೆ ನಡೆಯಿತು. ಮೂರನೇ ಬೀಟಾ ಬಂದದ್ದು ಅಕ್ಟೋಬರಿನಲ್ಲಿ. ಜೇಸನ್‌ಬಿ ಬಳಸಿ ನೋಡಿದ್ದವರೆಲ್ಲ ತಮ್ಮ ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬಬೇಕಾಯಿತು. 9.4 ಬಿಡುಗಡೆಯಾದದ್ದು ಡಿಸೆಂಬರ್ 18ಕ್ಕೆ.

ಇದೇ ಮಾತು ಬಿಡುಗಡೆಯಾದ ಮೇಲೆ ಬಂದಿದ್ದರೆ? ಡೇಟಾಬೇಸ್ ಡಿಸ್ಕಿನ ಮೇಲೆ ಬರೆಯುವ ರೂಪ ಮನೆಯ ತಳಪಾಯದ ಹಾಗೆ. ಗೋಡೆಗೆ ಬಣ್ಣ ಬದಲಾಯಿಸಬಹುದು, ಜನ ವಾಸಕ್ಕೆ ಬಂದ ಮೇಲೆ ತಳಪಾಯ ಬದಲಾಯಿಸಲಾಗದು. ಇಂದು ಜಗತ್ತಿನಾದ್ಯಂತ ಜೇಸನ್‌ಬಿ ಬಳಸುವವರ ಡಿಸ್ಕುಗಳಲ್ಲಿ ಉಳಿದಿರುವ ಜಾಗಕ್ಕೆ, ಬೀಟಾ ಹಂತದಲ್ಲಿ ತನ್ನ ದತ್ತಾಂಶ ಹಾಕಿ ನೋಡಿ ಸುಮ್ಮನಿರದೆ ತಿಳಿಸಿದ ಒಬ್ಬ ಬಳಕೆದಾರ ಕಾರಣ.

ಈ ಪ್ರಸಂಗವನ್ನು ಇಷ್ಟು ಉದ್ದಕ್ಕೆ ಹೇಳಿದ್ದು ಒಂದು ವಾದಕ್ಕಾಗಿ. ಬೀಟಾ ಎಂದರೆ ಅರೆಬೆಂದ ಸರಕು, ಅದನ್ನು ಮುಟ್ಟಬಾರದು, ಬಿಡುಗಡೆಯಾಗಿ ಆರು ತಿಂಗಳು ಕಳೆದ ಮೇಲೆ ನೋಡೋಣ ಎಂಬುದು ನಮ್ಮ ಕಚೇರಿಗಳಲ್ಲಿ ದಿನವೂ ಕೇಳುವ ಮಾತು. ಗಿರಾಕಿಯ ಹಣ, ಆಸ್ಪತ್ರೆಯ ದಾಖಲೆ ಇರುವ ಯಂತ್ರದ ಮೇಲೆ ಬೀಟಾ ಹಾಕಬಾರದು ಎನ್ನುವುದು ಸರಿ. ಆದರೆ ಆ ಮಾತನ್ನೇ ಎಳೆದು, ಬೀಟಾ ನಮಗೆ ಸಂಬಂಧಿಸಿದ್ದೇ ಅಲ್ಲ ಎಂಬಲ್ಲಿಗೆ ತಂದು ನಿಲ್ಲಿಸಿದ್ದೇವೆ. ಇದು ತಪ್ಪು. ಬೀಟಾ ಎಂಬುದು ತಯಾರಕರು ಬಳಕೆದಾರರಿಗೆ ಕೇಳುವ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಇರುವುದು ನಮ್ಮ ಬಳಿ ಮಾತ್ರ.

ಏಕೆ ನಮ್ಮ ಬಳಿ ಮಾತ್ರ? ಪೋಸ್ಟ್‌ಗ್ರೆಸ್ ತಂಡದವರು ಪರೀಕ್ಷೆ ಮಾಡದವರೇನಲ್ಲ. ವರ್ಷಕ್ಕೊಂದು ದೊಡ್ಡ ಆವೃತ್ತಿ ತರುವುದು ಅವರ ಪದ್ಧತಿ. ಏಪ್ರಿಲ್ ಹೊತ್ತಿಗೆ ಹೊಸ ಸೌಲಭ್ಯಗಳಿಗೆ ಬಾಗಿಲು ಮುಚ್ಚುತ್ತಾರೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಮೊದಲ ಬೀಟಾ, ಮಳೆಗಾಲವೆಲ್ಲ ಇನ್ನೊಂದೆರಡು ಬೀಟಾ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿಡುಗಡೆ. ‘ಬಿಲ್ಡ್‌ಫಾರ್ಮ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರ ಯಂತ್ರಗಳು ಬಗೆಬಗೆಯ ಪ್ರೊಸೆಸರುಗಳ ಮೇಲೆ, ಬಗೆಬಗೆಯ ಆಪರೇಟಿಂಗ್ ಸಿಸ್ಟಂಗಳ ಮೇಲೆ ಹೊಸ ಕೋಡನ್ನು ಕಟ್ಟಿ ಪರೀಕ್ಷೆಗಳನ್ನು ಹಗಲಿರುಳು ಓಡಿಸುತ್ತಿರುತ್ತವೆ. ಇಷ್ಟಾದರೂ ಅವು ಪರೀಕ್ಷಿಸುವುದು ಬರೆದವರ ಮನಸ್ಸಿಗೆ ಹೊಳೆದದ್ದನ್ನು ಮಾತ್ರ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಒಂದೇ ಪಾತ್ರೆ, ಒಂದೇ ಬೆಂಕಿ, ಒಂದೇ ಅಕ್ಕಿ ಇದ್ದಾಗ ಅದು ನಿಜ. ಡೇಟಾಬೇಸಿನ ವಿಷಯದಲ್ಲಿ ಪ್ರತಿ ಮನೆಯ ಒಲೆಯೂ ಬೇರೆ, ಅಕ್ಕಿಯೂ ಬೇರೆ. ಸಹಕಾರಿ ಬ್ಯಾಂಕೊಂದರ ತಿಂಗಳ ಕೊನೆಯ ಬಡ್ಡಿ ಲೆಕ್ಕ, ಬಸ್ಸಿನ ಟಿಕೆಟ್ ಯಂತ್ರದಿಂದ ಕ್ಷಣಕ್ಷಣಕ್ಕೂ ಬಂದು ಬೀಳುವ ಸಾಲುಗಳು, ಗ್ರಂಥಾಲಯವೊಂದರ ಕನ್ನಡ ಶೀರ್ಷಿಕೆಗಳು — ಇವು ಬೇಯುವ ರೀತಿಯೇ ಬೇರೆ ಬೇರೆ.

ಉತ್ತರ ಬರದೇ ಹೋದಾಗ ಏನಾಗುತ್ತದೆ ಎಂಬುದಕ್ಕೆ 14ನೇ ಆವೃತ್ತಿ ಸಾಕ್ಷಿ. 2021ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಅದು ಎಲ್ಲ ಬೀಟಾಗಳನ್ನೂ ದಾಟಿ ಬಂದಿತ್ತು. ಅದರೊಳಗೆ ಒಂದು ದೋಷ ಅಡಗಿತ್ತು. ಪುಸ್ತಕದ ಹಿಂದಿನ ಪದಸೂಚಿಯಂತೆ ಡೇಟಾಬೇಸಿನಲ್ಲಿ ಇಂಡೆಕ್ಸ್ ಇರುತ್ತದೆ. ಬಳಕೆದಾರರ ಕೆಲಸ ನಿಲ್ಲಿಸದೆಯೇ, ಟೇಬಲ್ಲಿನಲ್ಲಿ ಬರೆಯುವುದು ನಡೆಯುತ್ತಿರುವಾಗಲೇ ಹೊಸ ಇಂಡೆಕ್ಸ್ ಕಟ್ಟುವ ಆಜ್ಞೆಯೊಂದಿದೆ. ಹೀಗೆ ಕಟ್ಟುವವರಿಂದಾಗಿ ಹಳೆಯ ಸಾಲುಗಳ ಕಸ ಗುಡಿಸುವ ಕೆಲಸ ನಿಲ್ಲದಿರಲಿ ಎಂದು 14ರಲ್ಲಿ ಒಂದು ಸುಧಾರಣೆ ತಂದರು. ಉದ್ದೇಶ ಒಳ್ಳೆಯದೇ. ಆದರೆ ಇಂಡೆಕ್ಸ್ ಕಟ್ಟುತ್ತಿದ್ದವನಿಗೆ ಇನ್ನೂ ಬೇಕಾಗಿದ್ದ ಸಾಲುಗಳನ್ನೂ ಗುಡಿಸುವವನು ಗುಡಿಸಿಬಿಡುವ ಸಂದರ್ಭ ಉಂಟಾಯಿತು. ಫಲವಾಗಿ ಟೇಬಲ್ಲಿನಲ್ಲಿ ಸಾಲು ಇದೆ, ಇಂಡೆಕ್ಸಿನಲ್ಲಿ ಇಲ್ಲ. ಇಂಡೆಕ್ಸ್ ಮೂಲಕ ಹುಡುಕಿದರೆ ‘ಅಂಥ ಖಾತೆ ಇಲ್ಲ’ ಎಂಬ ಉತ್ತರ, ಇಡೀ ಟೇಬಲ್ ಓದಿದರೆ ಖಾತೆ ಅಲ್ಲೇ ಇದೆ. ಇದನ್ನು ಸರಿಪಡಿಸಿದ 14.4 ಬಂದದ್ದು 2022ರ ಜೂನ್ 16ಕ್ಕೆ, ನಿಗದಿತ ವೇಳಾಪಟ್ಟಿಯ ಹೊರಗೆ, ತುರ್ತಾಗಿ. ಎಂಟೂವರೆ ತಿಂಗಳು ದೋಷವಿದ್ದ ತಂತ್ರಾಂಶ ‘ಸ್ಥಿರ ಆವೃತ್ತಿ’ ಎಂಬ ಹೆಸರಿನಲ್ಲಿ ಓಡಿತು.

ಬೀಟಾದಲ್ಲಿ ಇದನ್ನು ಹಿಡಿಯಲು ಯಾರಿಗೂ ಅಲೌಕಿಕ ಪ್ರತಿಭೆ ಬೇಕಿರಲಿಲ್ಲ. ಬಿಡುವಿಲ್ಲದೆ ಬದಲಾಗುತ್ತಿರುವ ಟೇಬಲ್ ಒಂದರ ಮೇಲೆ ಆ ಆಜ್ಞೆಯನ್ನು ಮತ್ತೆ ಮತ್ತೆ ಓಡಿಸಿ, ಆಮೇಲೆ ಇಂಡೆಕ್ಸನ್ನೂ ಟೇಬಲ್ಲನ್ನೂ ತಾಳೆ ನೋಡಬೇಕಿತ್ತು. ಹೀಗೆ ತಾಳೆ ನೋಡುವ ಸೌಲಭ್ಯ ಆಮ್‌ಚೆಕ್ ಎಂಬ ಉಪಕರಣದಲ್ಲಿ 11ನೇ ಆವೃತ್ತಿಯಿಂದಲೇ ಇದೆ. ಅದನ್ನು ಇಡೀ ಡೇಟಾಬೇಸಿನ ಮೇಲೆ ಸುಲಭವಾಗಿ ಓಡಿಸುವ ಪಿಜಿ-ಆಮ್‌ಚೆಕ್ ಆಜ್ಞೆ ಬಂದದ್ದು ಇದೇ 14ರ ಜೊತೆಗೇ. ರೋಗವೂ ಅದನ್ನು ತೋರಿಸುವ ದೀಪವೂ ಒಂದೇ ಚೀಲದಲ್ಲಿದ್ದವು. ಕ್ರ್ಯಾಶ್ ಆಗುವ ದೋಷ ಒಂದರ್ಥದಲ್ಲಿ ಪ್ರಾಮಾಣಿಕ, ಅದು ಕೂಗಿ ಹೇಳುತ್ತದೆ. ಡೇಟಾಬೇಸಿನಲ್ಲಿ ಅಪಾಯಕಾರಿಯಾದವು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ದೋಷಗಳು. ಬೀಟಾ ಹಾಕಿ ‘ಸರ್ವರ್ ಎದ್ದಿತು, ಕೆಲಸ ಮಾಡುತ್ತಿದೆ’ ಎಂದು ಬರೆದು ಮುಗಿಸುವವರಿಂದ ಅವು ಎಂದೂ ಸಿಕ್ಕಿಬೀಳುವುದಿಲ್ಲ. ಹಳೆಯ ಆವೃತ್ತಿಯ ಉತ್ತರವನ್ನೂ ಹೊಸದರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುವವರಿಗೆ ಮಾತ್ರ ಸಿಗುತ್ತವೆ.

ಬೀಟಾ ಎಲ್ಲವನ್ನೂ ಹಿಡಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಡಿಸ್ಕಿಗೆ ಬರೆಯುವಾಗ ತಪ್ಪಾದರೆ ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸುವ ಎಫ್‌ಸಿಂಕ್ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟರಾಯಿತು ಎಂದು ಪೋಸ್ಟ್‌ಗ್ರೆಸ್ ಸುಮಾರು ಇಪ್ಪತ್ತು ವರ್ಷ ನಂಬಿಕೊಂಡಿತ್ತು. ಲಿನಕ್ಸ್ ಕರ್ನಲ್ ಮಾತ್ರ ಮೊದಲ ಸಲ ದೋಷ ಹೇಳಿ, ಬರೆಯಲಾಗದ ಪುಟವನ್ನು ಬರೆದಾಯಿತೆಂದೇ ಗುರುತು ಹಾಕಿ, ಎರಡನೇ ಸಲ ಎಲ್ಲ ಸರಿಯಿದೆ ಎನ್ನುತ್ತಿತ್ತು. 2018ರಲ್ಲಿ ಇದು ಬಯಲಿಗೆ ಬಂದು 2019ರ ಫೆಬ್ರವರಿಯಲ್ಲಿ ತಿದ್ದುಪಡಿಯಾಯಿತು. ಎಷ್ಟೋ ಬೀಟಾಗಳು ಅದನ್ನು ಕಾಣದೆ ದಾಟಿದ್ದವು. ಅಂಥವು ಇರುತ್ತವೆ. ಹಾಗೆಂದು ಕಾಣಬಹುದಾದವನ್ನೂ ನೋಡದೆ ಬಿಡಲಾಗದು.

ಇನ್ನು ಹುಡುಕುವ ಕಸುಬಿನ ವಿಚಾರ. ಬೀಟಾದಲ್ಲಿ ಏನೋ ಎಡವಟ್ಟಾಯಿತು ಎಂದಾಗ ನಮ್ಮ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಕಡೆಗೆ, ಆಮೇಲೆ ಇಂಡೆಕ್ಸನ್ನು ಮತ್ತೆ ಕಟ್ಟುವುದರ ಕಡೆಗೆ. ಅಂಗಡಿ ನಡೆಯಬೇಕಾದಲ್ಲಿ ಅದು ಸರಿಯಿರಬಹುದು. ಬೀಟಾದಲ್ಲಿ ಅದು ಸಾಕ್ಷ್ಯ ಅಳಿಸುವ ಕೆಲಸ. ಮೊದಲು ಸರ್ವರ್ ನಿಲ್ಲಿಸಿ ಇಡೀ ಡೇಟಾ ಡೈರೆಕ್ಟರಿಯ ನಕಲು ತೆಗೆದಿಡಬೇಕು, ಲಾಗನ್ನು ಕಾದಿಡಬೇಕು. ನಂತರದ ಪ್ರಶ್ನೆ ಒಂದೇ: ಇದನ್ನು ಬೇಕೆಂದಾಗ ಮತ್ತೆ ಆಗಿಸಬಹುದೇ? ಒಂದು ಸಲ ಆಯಿತು, ಮತ್ತೆ ಆಗಲಿಲ್ಲ ಎಂಬ ದೋಷವನ್ನು ತಿದ್ದುವವರು ನಂಬಿದರೂ ಅವರಿಗೆ ಕೈಗೆ ಹಿಡಿಯಲು ಏನೂ ಇರುವುದಿಲ್ಲ. ಮತ್ತೆ ಆಗಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಟೇಬಲ್ಲಿನ ಅರ್ಧ ಸಾಲು ತೆಗೆದು ನೋಡಿ, ಇನ್ನೂ ಆಗುತ್ತಿದೆಯೇ? ಮತ್ತೆ ಅರ್ಧ. ಹೊರಗಿನಿಂದ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಪ್ರಶ್ನೆಯನ್ನು ಯಂತ್ರಭಾಷೆಗೆ ಇಳಿಸಿ ಓಡಿಸುವ ಜಿಟ್ ಸೌಲಭ್ಯ ನಿಲ್ಲಿಸಿ ನೋಡಿ, ಒಂದೇ ಪ್ರಶ್ನೆಯನ್ನು ಹಲವು ಪ್ರೊಸೆಸರುಗಳಿಗೆ ಹಂಚುವುದನ್ನು ನಿಲ್ಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂಬ ನಿಯಮ ಹೇಳಲು ಸುಲಭ, ರಾತ್ರಿ ಹನ್ನೊಂದಕ್ಕೆ ಪಾಲಿಸುವುದು ಕಷ್ಟ. ಎರಡನ್ನು ಒಟ್ಟಿಗೆ ಬದಲಾಯಿಸಿ ದೋಷ ಮಾಯವಾದರೆ ಯಾವುದರಿಂದ ಎಂದು ತಿಳಿಯದೆ ಮೊದಲಿಗೇ ವಾಪಸಾಗಬೇಕು.

ಕೋಡಿನ ಇತಿಹಾಸ ಎಲ್ಲರಿಗೂ ತೆರೆದಿರುವುದು ಇಲ್ಲಿನ ದೊಡ್ಡ ಸಂಪತ್ತು. ಹಳೆಯ ಆವೃತ್ತಿಯಲ್ಲಿ ಸರಿಯಿದ್ದು ಹೊಸ ಬೀಟಾದಲ್ಲಿ ಕೆಟ್ಟಿದ್ದರೆ ನಡುವಿನ ಬದಲಾವಣೆಗಳನ್ನು ಅರ್ಧಕ್ಕೆ ಅರ್ಧ ಕತ್ತರಿಸುತ್ತ ಹೋಗುವ ‘ಗಿಟ್ ಬೈಸೆಕ್ಟ್’ ಇದೆ. ಸಾವಿರ ಬದಲಾವಣೆಗಳಿದ್ದರೂ ಹತ್ತು ಹೆಜ್ಜೆಯಲ್ಲಿ ತಪ್ಪಿತಸ್ಥ ಸಿಗುತ್ತದೆ. ಇದಕ್ಕೆ ಸಿ ಭಾಷೆಯ ಪಾಂಡಿತ್ಯ ಬೇಡ. ಕಟ್ಟಲು, ಓಡಿಸಲು, ‘ಸರಿ’ ಅಥವಾ ‘ತಪ್ಪು’ ಎನ್ನಲು ಬಂದರೆ ಸಾಕು. ಮುಚ್ಚಿದ ತಂತ್ರಾಂಶಕ್ಕೆ ಎಷ್ಟು ಹಣ ಕೊಟ್ಟರೂ ಈ ಅವಕಾಶ ಸಿಗದು.

ವರದಿ ಬರೆಯುವಾಗ ಗಿರಾಕಿಯ ದತ್ತಾಂಶವನ್ನು ಕಳಿಸುವಂತಿಲ್ಲ ಎಂಬ ಅಡ್ಡಿ ನಿಜವಾದದ್ದು, ಅದನ್ನು ಮೀರಲೂಬಾರದು. ದಾರಿ ಇದೆ. ಅದೇ ಆಕಾರದ, ಅದೇ ಉದ್ದದ ಸುಳ್ಳು ಸಾಲುಗಳನ್ನು ಹುಟ್ಟಿಸುವ ನಾಲ್ಕೈದು ಸಾಲಿನ ಎಸ್‌ಕ್ಯೂಎಲ್ ಬರೆದು, ಅದರಿಂದಲೂ ದೋಷ ಬರುತ್ತದೆ ಎಂದು ತೋರಿಸುವುದು. ಹಾಗೆ ಬರೆಯುವಷ್ಟರಲ್ಲಿ ದೋಷದ ಸ್ವರೂಪ ಬರೆದವರಿಗೇ ಮುಕ್ಕಾಲು ಪಾಲು ತಿಳಿದಿರುತ್ತದೆ. ಎಷ್ಟೋ ಸಲ ತಪ್ಪು ನಮ್ಮ ಸೆಟ್ಟಿಂಗಿನದೇ ಎಂದು ಗೊತ್ತಾಗಿ ವರದಿಯೇ ಬೇಡವಾಗುತ್ತದೆ. ಅದೂ ನಷ್ಟವಲ್ಲ.

ಒಮ್ಮೆ ಸೇರಿಸಿದ ಸೌಲಭ್ಯವನ್ನು ಕಿತ್ತು ಹಿಂದಕ್ಕೆ ತೆಗೆದುಕೊಂಡದ್ದೂ ಉಂಟು. ಮರ್ಜ್ ಎಂಬ ಆಜ್ಞೆಯನ್ನು 2018ರಲ್ಲಿ 11ನೇ ಆವೃತ್ತಿಗೆ ಸೇರಿಸಿ, ಬೀಟಾಕ್ಕೂ ಮುಂಚೆಯೇ ತೆಗೆದರು. ಅದು ಬಂದದ್ದು 2022ರ 15ರಲ್ಲಿ. ಅದೇ 15ರಲ್ಲಿ ಜೇಸನ್‌ಗೆ ಸಂಬಂಧಿಸಿದ ಎಸ್‌ಕ್ಯೂಎಲ್ ಸೌಲಭ್ಯಗಳ ಒಂದು ದೊಡ್ಡ ಕಂತೆ ಮೂರನೇ ಬೀಟಾದವರೆಗೂ ಇತ್ತು, ನಾಲ್ಕನೆಯದರಲ್ಲಿ ಇರಲಿಲ್ಲ. ಅದು ಕಂತುಕಂತಾಗಿ 16 ಮತ್ತು 17ರಲ್ಲಿ ಮರಳಿತು. ಅದನ್ನು ನಂಬಿ ಯೋಜನೆ ಹಾಕಿಕೊಂಡವರಿಗೆ ಬೇಸರವಾದದ್ದು ಸಹಜ. ಆದರೂ ನನ್ನ ತೀರ್ಮಾನದಲ್ಲಿ ಅದನ್ನು ತೆಗೆದದ್ದು ಆ ವರ್ಷದ ಅತ್ಯುತ್ತಮ ನಿರ್ಧಾರ. ಜಾಹೀರಾತು ಮಾಡಿ ಆಗಿದೆ ಎಂಬ ಕಾರಣಕ್ಕೆ ಅರೆಬರೆ ಸರಕನ್ನು ದಾಟಿಸುವ ಒತ್ತಡ ವ್ಯಾಪಾರದಲ್ಲಿ ಎಷ್ಟಿರುತ್ತದೆ ಎಂದು ತಿಳಿದವರಿಗೆ, ಹಾಗೆ ಹಿಂದೆಗೆದುಕೊಳ್ಳುವ ಧೈರ್ಯದ ಬೆಲೆ ತಿಳಿಯುತ್ತದೆ.

ಪರೀಕ್ಷಾ ಹಂತದ ತಂತ್ರಾಂಶವನ್ನು ಗಮನವಿಟ್ಟು ಬಳಸುವವರು ಎಷ್ಟು ದೊಡ್ಡ ಕೇಡನ್ನು ತಡೆಯಬಲ್ಲರು ಎಂಬುದಕ್ಕೆ ಇನ್ನೊಂದು ಉದಾಹರಣೆಯೂ ಪೋಸ್ಟ್‌ಗ್ರೆಸ್ ಬಳಗದ್ದೇ. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಇನ್ನೂ ಬಿಡುಗಡೆಯಾಗದ ಆವೃತ್ತಿಯ ಮೇಲೆ ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ತೆಗೆದುಕೊಳ್ಳುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡ್! ಬೇರೆಯವರಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಅವರು ಎಳೆ ಹಿಡಿದು ಹೋದರು, ಎಕ್ಸ್‌ಜಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು. ಆ ಆವೃತ್ತಿಗಳು ಆಗಿನ್ನೂ ಹೆಚ್ಚಾಗಿ ಪರೀಕ್ಷಾ ಹಂತದ ವಿತರಣೆಗಳಲ್ಲಿ ಇದ್ದವೇ ಹೊರತು, ಹೆಚ್ಚಿನ ಸರ್ವರುಗಳಲ್ಲಿ ಓಡುವ ಸ್ಥಿರ ವಿತರಣೆಗಳನ್ನು ತಲುಪಿರಲಿಲ್ಲ.

ಈಗ ನಮ್ಮ ಊರಿನ ಮಾತು. ಬೆಂಗಳೂರಿನಲ್ಲಿ ಪೋಸ್ಟ್‌ಗ್ರೆಸ್ ಓಡಿಸುವ ಕಂಪನಿಗಳಿಗೆ ಲೆಕ್ಕವಿಲ್ಲ. ಪಿಜಿಕಾನ್ಫ್ ಇಂಡಿಯಾ ಸಮ್ಮೇಳನ ನಡೆಯುವುದೂ ಇಲ್ಲೇ. ಬಳಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಬೀಟಾ ಪರೀಕ್ಷೆಯ ಮಾತೆತ್ತಿದರೆ ‘ಸಮಯ ಎಲ್ಲಿದೆ ಸಾರ್, ಪ್ರಾಜೆಕ್ಟಿನಲ್ಲಿ ಆ ಗಂಟೆಗಳನ್ನು ಎಲ್ಲಿ ತೋರಿಸಲಿ’ ಎನ್ನುತ್ತಾರೆ. ಆ ಎಂಜಿನಿಯರನ್ನು ನಾನು ದೂರುವುದಿಲ್ಲ, ಗಂಟೆ ಲೆಕ್ಕ ಬರೆಸಿಕೊಳ್ಳುವವರನ್ನು ದೂರುತ್ತೇನೆ. ಪರವಾನಗಿಗೆ ಒಂದು ರೂಪಾಯಿ ಕೊಡದೆ ವ್ಯಾಪಾರ ಕಟ್ಟಿದ ಸಂಸ್ಥೆ ವರ್ಷಕ್ಕೆ ಎರಡು ದಿನ ಬೀಟಾಕ್ಕೆ ಕೊಟ್ಟರೆ ಮುಳುಗುವುದಿಲ್ಲ.

ನಾವಲ್ಲದೆ ಬೇರೆ ಯಾರೂ ಮಾಡಲಾಗದ ಪರೀಕ್ಷೆಯೂ ಒಂದಿದೆ. ಕನ್ನಡ ವರ್ಣಮಾಲೆ ಹ, ಳ ಎಂದು ಮುಗಿಯುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲಕಾರದ ಪಕ್ಕದಲ್ಲಿ, ವಕಾರಕ್ಕೂ ಮುಂಚೆ. ಹಾಗಾಗಿ ಬೈಟುಗಳ ಕ್ರಮದಲ್ಲಿ ಜೋಡಿಸಿದರೆ ‘ಮಳೆ’ ಮೊದಲು, ‘ಮಹಡಿ’ ಆಮೇಲೆ. ನಿಘಂಟಿನ ಕ್ರಮದಲ್ಲಿ ‘ಮಹಡಿ’ ಮೊದಲು. 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ತಂತ್ರಾಂಶ ಸಂಗ್ರಹದ ಭಾಷಾವಾರು ಕ್ರಮವನ್ನು ಬಳಸಬಹುದು. 2024ರ 17ರಲ್ಲಿ ಯುನಿಕೋಡ್ ಸಂಖ್ಯೆಯ ಕ್ರಮವನ್ನೇ ಅನುಸರಿಸುವ ಹೊಸ ಒಳಗಿನ ವ್ಯವಸ್ಥೆಯೊಂದು ಸೇರಿತು. ಇನ್ನು ಹಲವು ಕಡೆ ಆಪರೇಟಿಂಗ್ ಸಿಸ್ಟಂ ಹೇಳಿದ ಕ್ರಮವೇ ನಡೆಯುತ್ತದೆ. ಆ ಕ್ರಮ ಬದಲಾದರೆ ಇಂಡೆಕ್ಸ್ ಕೆಡುತ್ತದೆ, ಏಕೆಂದರೆ ಇಂಡೆಕ್ಸ್ ಎಂದರೆ ಜೋಡಣೆಯ ಕ್ರಮವೇ. ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳಿಗೆ ಈ ಕ್ರಮ ಒದಗಿಸುವ ಜಿಲಿಬ್‌ಸಿ ತಂತ್ರಾಂಶದ, 2018ರ ಆಗಸ್ಟ್‌ನಲ್ಲಿ ಬಂದ 2.28ನೇ ಆವೃತ್ತಿ ಹಲವು ಭಾಷೆಗಳ ಕ್ರಮ ಬದಲಿಸಿತು. ಅಮೆರಿಕನ್ ಇಂಗ್ಲಿಷಿನ ಕ್ರಮದಲ್ಲಿ ‘11’ರ ನಂತರ ಬರುತ್ತಿದ್ದ ‘1-1’ ಅದರ ಮುಂದೆ ಬಂದು ನಿಂತಿತು. ಇಂಗ್ಲಿಷ್ ಬಳಸುವವರು ಅದನ್ನು ಗುರುತಿಸಿ, ಎಚ್ಚರಿಕೆ ಬರೆದಿಟ್ಟಿದ್ದಾರೆ. ‘ಮಳೆ’ ಮತ್ತು ‘ಮಹಡಿ’ ಅದಲುಬದಲಾದರೆ ಅದು ತಪ್ಪೆಂದು ನೋಡಿದೊಡನೆ ತಿಳಿಯುವುದು ಕನ್ನಡ ಓದುವವರಿಗೆ. ಮತದಾರರ ಪಟ್ಟಿ, ಜಮೀನಿನ ದಾಖಲೆ, ಶಾಲೆಯ ಹಾಜರಿ ಎಲ್ಲವೂ ಕನ್ನಡದಲ್ಲಿ ಡೇಟಾಬೇಸಿನೊಳಗೆ ಇರುವ ಕಾಲವಿದು.

ಪಠ್ಯದೊಳಗೆ ಹುಡುಕುವಾಗ ಪದದ ಮೂಲರೂಪ ಗುರುತಿಸುವ ವ್ಯವಸ್ಥೆಯೂ ಪೋಸ್ಟ್‌ಗ್ರೆಸ್‌ನಲ್ಲಿದೆ. 17ನೇ ಆವೃತ್ತಿಯಲ್ಲಿ ತಮಿಳು, ಹಿಂದಿ, ನೇಪಾಳಿ ಇವೆ. ಕನ್ನಡ ಇಲ್ಲ. ‘ಮನೆಯಲ್ಲಿ’, ‘ಮನೆಗೆ’, ‘ಮನೆಯಿಂದ’ ಮೂರೂ ಅದಕ್ಕೆ ಮೂರು ಬೇರೆ ಪದಗಳು. ಕನ್ನಡಕ್ಕೆ ಅಂಥದ್ದನ್ನು ಬರೆಯುವುದು ದೊಡ್ಡ ಕೆಲಸ, ಬೇರೆಯೇ ಲೇಖನದ ವಿಷಯ.

ಸಣ್ಣ ಕೆಲಸ ಈ ವರ್ಷವೇ ಮಾಡಬಹುದು. ಓದುಗರಲ್ಲಿ ಡೇಟಾಬೇಸ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಬೀಟಾ ಬಂದ ದಿನ, ಹೊರಗಿನ ಸಂಪರ್ಕವಿಲ್ಲದ ಬೇರೆ ಯಂತ್ರವೊಂದರಲ್ಲಿ ಅದನ್ನು ಹಾಕಿ. ನಿನ್ನೆ ರಾತ್ರಿಯ ಬ್ಯಾಕಪ್ಪಿನ ನಕಲಿನಲ್ಲಿ ಗಿರಾಕಿಗಳ ಗುರುತು ಅಳಿಸಿ ಅದರೊಳಗೆ ತುಂಬಿ. ತಿಂಗಳ ಕೊನೆಯ ಲೆಕ್ಕಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ಉತ್ತರಗಳನ್ನು ತಾಳೆ ಹಾಕಿ, ಹಿಡಿದ ಸಮಯವನ್ನೂ ಡಿಸ್ಕಿನ ಜಾಗವನ್ನೂ ಬರೆದುಕೊಳ್ಳಿ. ಒಂದು ಸಾವಿರ ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಮಳೆ ಎಲ್ಲಿದೆ, ಮಹಡಿ ಎಲ್ಲಿದೆ ನೋಡಿ. ವ್ಯತ್ಯಾಸ ಕಂಡರೆ, ಅದು ಎಷ್ಟೇ ಚಿಕ್ಕದಾಗಿರಲಿ, ಆವೃತ್ತಿಯ ಸಂಖ್ಯೆ ಹಾಕಿ ಬರೆದು ಕಳಿಸಿ.